ಅಡುಗೆಯವಳ ಮನೆಗೆ ರೋಗವಿಲ್ಲ

ನಮ್ಮೂರಲ್ಲಿ ನೇಮ ಹಿಡಿದ ಮೇಲೆ ಬಾಡು ತಿಂದವರ ತುಟಿ ಹೊಳೆಯುತ್ತದೆ. ಹುಣಿಸೆಹಣ್ಣು ಹಾಕಿ ತಿಕ್ಕಿದ ಹಿತ್ತಾಳೆ ಚೊಂಬಿನ ಹಾಗೆ ಹೊಳೆಯುತ್ತದೆ. ಸೀಗೆಪುಡಿ ಹಾಕಿ ಉಜ್ಜಿದರೂ ಹೋಗುವುದಿಲ್ಲ, ಬೂದಿ ಹಾಕಿ ತಿಕ್ಕಿದರೂ ಹೋಗುವುದಿಲ್ಲ. ನೇಮ ಬಿಡುವ ದಿನ ಬೆಟ್ಟದ ಮೇಲಿನ ಗಂಟೆ ಬಾರಿಸಿದಾಗ ತಾನಾಗಿಯೇ ಆರುತ್ತದೆ. ಹಾಗಾಗಿ ನೇಮದ ಮೂರು ತಿಂಗಳು ನಮ್ಮೂರವರು ಮಾತಾಡುವಾಗ ಒಬ್ಬರ ಕಣ್ಣನ್ನೊಬ್ಬರು ನೋಡುವುದಿಲ್ಲ, ಬಾಯಿ ನೋಡುತ್ತಾರೆ. ಒಬ್ಬಟ್ಟಿಗೆ ತುಪ್ಪ ಹಾಕಿಕೊಂಡು ತಿಂದರೆ ಮೊದಲು ಸೆರಗಿನಲ್ಲಿ ಬಾಯಿ ಒರೆಸಿ, ಒಣಗಿದ ತುಟಿಯನ್ನು ಮನೆಯವರಿಗೆಲ್ಲ ತೋರಿಸಿ, ಆಮೇಲೆ ಹೊಸ್ತಿಲು ದಾಟುವುದು. ಮದುವೆಯಾಗಿ ಈ ಊರಿಗೆ ಬಂದ ಹೆಣ್ಣುಮಕ್ಕಳಿಗೆ ಅತ್ತೆ ಮೊದಲು ಕಲಿಸುವುದೇ ಇದನ್ನು. ನನಗೂ ನಮ್ಮತ್ತೆ ಕಲಿಸಿದಳು. ಅದರ ಜೊತೆಗೆ ಇನ್ನೊಂದನ್ನೂ ಕಲಿಸಿದಳು. ತಾನು ರುಚಿ ನೋಡದೆ ಊರಿಗೆ ಬಾಡಿನ ಸಾರು ಮಾಡುವುದು ಹೇಗೆ ಎನ್ನುವುದನ್ನು.

ಯಾಕೆಂದರೆ ನಾನು ಮದುವೆಯಾಗಿ ಬಂದದ್ದು ಸಾಲುಮನೆಗೆ. ಊರ ಬಾಗಿಲಿನ ಕಲ್ಲಿನ ಮೇಲೆ ನೇಮದ ಕಟ್ಟಳೆ ಬರೆದಿದೆ. ನನಗೆ ಓದಲು ಬರುವುದಿಲ್ಲ, ಓದಬಲ್ಲವರು ಹೇಳಿದ್ದನ್ನು ಹೇಳುತ್ತೇನೆ. ನೇಮದಲ್ಲಿ ಯಾರೂ ಬಾಡು ತಿನ್ನಕೂಡದು. ರೋಗಿಗಳು ತಿನ್ನಬಹುದು. ಆದರೆ ತಮ್ಮ ಮನೆಯಲ್ಲಲ್ಲ, ಸಾಲುಮನೆಯ ಜಗಲಿಯ ಮೇಲೆ ಸಾಲಾಗಿ ಕೂತು, ಪಾರುಪತ್ಯದವರ ಕಣ್ಣೆದುರಿಗೆ ತಿನ್ನಬೇಕು. ಅಂಥವರ ಕೈಗೆ ಪಾರುಪತ್ಯದವರು ಹಳದಿ ದಾರ ಕಟ್ಟುತ್ತಾರೆ. ದಾರವಿಲ್ಲದವರ ತುಟಿ ಹೊಳೆದರೆ, ತಿಂದವರನ್ನೂ ಬಡಿಸಿದವರನ್ನೂ ಕುತ್ತಿಗೆಗೆ ಮೂಳೆ ಕಟ್ಟಿ ಸಂತೆಕಟ್ಟೆಯ ಮೇಲೆ ನಿಲ್ಲಿಸುತ್ತಾರೆ, ನೇಮ ಮುಗಿಯುವ ತನಕ, ಹೊತ್ತು ಹುಟ್ಟಿದಾಗಿನಿಂದ ಮುಳುಗುವವರೆಗೆ. ಕೊನೆಯಲ್ಲಿ ಒಂದು ಮಾತಿದೆಯಂತೆ: ಅಡುಗೆಯವಳ ಮನೆಗೆ ರೋಗವಿಲ್ಲ. ಅಂದರೆ ಸಾಲಿಗೆ ಬೇಯಿಸಿ ಹಾಕುವವಳ ಮನೆಯವರಿಗೆ ದಾರ ಕಟ್ಟುವ ಹಾಗಿಲ್ಲ. ಯಾಕೆ ಹಾಗೆ ಬರೆದರೋ, ಬರೆದವರನ್ನು ಕೇಳುವುದಕ್ಕೆ ಅವರಿಲ್ಲ.

ಸಾಲುಮನೆ ದೊಡ್ಡದು. ಉದ್ದದ ಜಗಲಿ, ಹಿಂದುಗಡೆ ಆರು ಒಲೆಯ ಅಡುಗೆಮನೆ, ಅದರಾಚೆ ಸೌದೆ ಒಟ್ಟುವ ಹಿತ್ತಲು. ಸೌಟು ಹಿಡಿದವಳ ಮನೆತನಕ್ಕೆ ಆ ಮನೆ. ನಮ್ಮತ್ತೆ ಹೋದ ಮೇಲೆ ಸೌಟು ನನ್ನ ಕೈಗೆ ಬಂತು. ನನ್ನ ಗಂಡ ದ್ಯಾವಯ್ಯ ಸೌದೆ ಒಡೆಯುವುದು, ನೀರು ಸೇದುವುದು, ಕೆರೆಯ ಏರಿಯ ಮೇಲೆ ಕಡಿದು ತಂದುಹಾಕಿದ ಕುರಿಯನ್ನು ತುಂಡು ಮಾಡುವುದು, ಮೂಳೆ ಒಡೆಯುವುದು ಮಾಡುತ್ತಿದ್ದರು. ಅವರು ಮೂಳೆ ಒಡೆದರೆ ಚೂರು ಹಾರುತ್ತಿರಲಿಲ್ಲ. ಆ ಕೆಲಸದ ಮೇಲೆ ಅವರಿಗೆ ಬಹಳ ಅಭಿಮಾನ. "ನಮ್ಮವ್ವ ಹಿಡಿದ ಸೌಟು, ನಮ್ಮಜ್ಜಿ ಹಿಡಿದ ಸೌಟು" ಎಂದು ಹೇಳುವಾಗ ಬೆನ್ನು ನೆಟ್ಟಗಾಗುತ್ತಿತ್ತು. ನನಗೆ ಆ ಅಭಿಮಾನ ಮೊದಮೊದಲು ಇತ್ತು. ಆಮೇಲೆ ಹೊಗೆ ಕುಡಿದು ಕುಡಿದು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ನೇಮ ಬಂತೆಂದರೆ ನನಗೆ ನಂಟರು ಹೆಚ್ಚುತ್ತಿದ್ದರು. ಉಳಿದ ಕಾಲದಲ್ಲಿ ನಮ್ಮ ಜಗಲಿಯ ಮೇಲೆ ಕೂರದವರು ನೇಮ ಹತ್ತಿರ ಬಂದಾಗ "ನಿಂಗಾಜಕ್ಕ, ಹೆಂಗಿದ್ದೀಯವ್ವ" ಎನ್ನುತ್ತ ಬರುತ್ತಿದ್ದರು. ನಾನು ಏನೂ ಮಾಡುವ ಹಾಗಿಲ್ಲ, ದಾರ ಕಟ್ಟುವವರು ಪಾರುಪತ್ಯದ ಗುರುಶಾಂತಪ್ಪನವರು ಎಂದರೂ ಕೇಳುತ್ತಿರಲಿಲ್ಲ. ಒಬ್ಬರಿಗೆ ತಲೆಸುತ್ತು, ಒಬ್ಬರಿಗೆ ಕೈ ನಡುಕ. ಪುಟ್ಟೀರೇಗೌಡರಿಗಂತೂ ಪ್ರತಿ ವರ್ಷ ನೇಮ ಹಿಡಿಯುವ ಹಿಂದಿನ ದಿನ ಸರಿಯಾಗಿ ಸೊಂಟ ಹಿಡಿದುಕೊಳ್ಳುತ್ತಿತ್ತು. ಆಳುಗಳು ಅವರನ್ನು ಎರಡೂ ಕಡೆ ಹಿಡಿದು ಜಗಲಿಗೆ ಹತ್ತಿಸುತ್ತಿದ್ದರು. ಕೂತ ಮೇಲೆ ಅವರು ಮೂರು ಸಲ ಬಡಿಸಿಕೊಳ್ಳುತ್ತಿದ್ದರು. ಗುರುಶಾಂತಪ್ಪನವರು ಎದುರಿಗೆ ಮಣೆ ಹಾಕಿಕೊಂಡು ಕೂತು ಎಲ್ಲರ ಬಾಯಿ ನೋಡುತ್ತಿದ್ದರು. ಅವರು ಕಟ್ಟುನಿಟ್ಟಿನ ಮನುಷ್ಯ, ನೇಮದಲ್ಲಿ ಒಂದೇ ಹೊತ್ತು ಊಟ. ಸಾಲಿನವರು ಮೂಳೆ ಚೀಪುವಾಗ ಅವರ ಹೊಟ್ಟೆ ಗುರ್ರೆನ್ನುವುದು ಒಳಗೆ ನನಗೆ ಕೇಳಿಸುತ್ತಿತ್ತು.

ನಿಜವಾದ ರೋಗಿಗಳೂ ಇರುತ್ತಿದ್ದರು. ಅವರಲ್ಲಿ ಬಳೆಗಾರ್ತಿ ತೋಪಮ್ಮ ಒಬ್ಬಳು. ಗಂಡ ಮಕ್ಕಳು ಇಲ್ಲ, ಬಳೆ ಕೇರಿಯಲ್ಲಿ ಒಂದು ಕೋಣೆ, ಒಂದು ಬಳೆ ಬುಟ್ಟಿ. ಎರಡು ವರ್ಷದಿಂದ ಅವಳ ಕಾಲು ಊದಿಕೊಳ್ಳುತ್ತಿತ್ತು, ನಾಲ್ಕು ಹೆಜ್ಜೆ ಇಟ್ಟರೆ ಉಬ್ಬುಸ. ಮೈಯಲ್ಲಿ ರಕ್ತ ಇಲ್ಲ, ಬಾಡಿನ ಸಾರು ಬಿಡಬೇಡ ಎಂದು ಪಂಡಿತರು ಹೇಳಿದ್ದರು. ಅವಳು ಸಾಲಿನ ಕೊನೆಯಲ್ಲಿ ಕೂತು, ಒಂದು ಬಟ್ಟಲು ಕುಡಿದು, ತಟ್ಟೆ ತಾನೇ ತೊಳೆದಿಟ್ಟು ಹೋಗುತ್ತಿದ್ದಳು. ಹೋಗುವಾಗ ಅಡುಗೆಮನೆ ಬಾಗಿಲಲ್ಲಿ ನಿಂತು "ಉಪ್ಪು ಒಂಚೂರು ಕಮ್ಮಿ ಕಣವ್ವ" ಎಂದೋ "ಇವತ್ತು ಸರಿಯಾಗೇ ಅದೆ" ಎಂದೋ ಹೇಳುತ್ತಿದ್ದಳು. ರುಚಿ ನೋಡಲಾಗದ ನನಗೆ ನಾಲಿಗೆ ಎಂದರೆ ಅವಳದೇ.

ನಾನು ಹೇಳುತ್ತಿರುವ ವರ್ಷ ನೇಮ ಹಿಡಿದು ಇನ್ನೂ ಬಹಳ ದಿನ ಆಗಿರಲಿಲ್ಲ. ನನ್ನ ಗಂಡ ಮೂಳೆ ಒಡೆಯುತ್ತಿದ್ದವರು ಕತ್ತಿ ಕೆಳಗಿಟ್ಟು ಹಾಗೇ ಗೋಡೆಗೊರಗಿದರು. ನೋಡಿದರೆ ಮುಖ ಸುಣ್ಣ ಬಳಿದ ಹಾಗಿದೆ. ಅದಕ್ಕೆ ಮೊದಲೇ ಊಟ ಸೇರುತ್ತಿರಲಿಲ್ಲ, ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ ಬರುತ್ತದೆ ಎನ್ನುತ್ತಿದ್ದರು. ಪಂಡಿತರು ಬಂದು ಕಣ್ಣಿನ ರೆಪ್ಪೆ ಎಳೆದು ನೋಡಿದರು, ಉಗುರು ನೋಡಿದರು. ನನ್ನನ್ನು ಹಿತ್ತಲಿಗೆ ಕರೆದು ಹೇಳಿದರು, "ರಕ್ತ ಬತ್ತೋಗಿದೆ ಕಣಮ್ಮ. ಕಷಾಯ ಕೊಡ್ತೀನಿ, ಆದ್ರೆ ಬರೀ ಕಷಾಯದಲ್ಲಿ ಏಳೋ ಜೀವ ಅಲ್ಲ. ಕುರಿ ಈಲಿ, ಮೂಳೆ ಸಾರು ಕೊಡ್ಬೇಕು. ನೇಮ ಮುಗೀಲಿ ಅಂತ ಕಾಯ್ಬೇಡ. ಅಷ್ಟು ದಿನ ಇಲ್ಲ."

ಹಾಗೆ ಹೇಳುವಾಗ ನಮ್ಮ ಹಿಂದೆ ಆರು ಒಲೆಯ ಮೇಲೂ ಮೂಳೆ ಸಾರು ಕುದಿಯುತ್ತಿತ್ತು.

ಸಾಲಿನ ಊಟ ಮುಗಿದು ಜಗಲಿ ಖಾಲಿಯಾದ ಮೇಲೆ ಗುರುಶಾಂತಪ್ಪನವರ ಮುಂದೆ ಹೋಗಿ ನಿಂತೆ.

"ಬುದ್ಧಿ, ನಮ್ಮೆಜಮಾನ್ರಿಗೆ ಒಂದು ದಾರ ಕಟ್ಟಿ. ಪಂಡಿತ್ರು ನೋಡಿ ಹೇಳವ್ರೆ."

ಅವರು ತಮ್ಮ ಅಂಗೈ ನೋಡಿಕೊಂಡರು. "ನಂಗೂ ಹೇಳಿದ್ರು. ಊರಲ್ಲಿ ಯಾರ ಮನೇಗೆ ಬಂದ್ರೂ ಕಟ್ತಿದ್ದೆ ನಿಂಗಾಜಮ್ಮ. ನಿನ್ನ ಮನೇಗೆ ರೋಗ ಬರಾಂಗಿಲ್ಲ."

"ಹಂಗಾದ್ರೆ ನಮ್ಮ ನಡುಮನೇಲಿ ಮಲಗಿರೋದು ಏನು ಬುದ್ಧಿ?"

"ಆಯಾಸ."

"ಆಯಾಸಕ್ಕೆ ಉಗುರು ಬೆಳ್ಳಗಾಯ್ತದಾ?"

"ನಂಗೆ ಕಣ್ಣಿಲ್ಲ ಅಂದ್ಕೊಂಡಿದ್ದೀಯಾ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಕಲ್ಲಿನ ಮೇಲೆ ಇರೋದನ್ನ ನಾನು ಅಳಿಸೋಕಾಗಲ್ಲ. ಇವತ್ತು ನಿಂಗೆ ಅಂತ ಅಳಿಸಿದ್ರೆ ನಾಳೆ ಗೌಡ ಬಂದು ಇನ್ನೊಂದು ಅಳಿಸು ಅಂತಾನೆ. ಹೋಗವ್ವ, ಕಷಾಯ ಕೊಡು."

ಅವತ್ತು ಸಂಜೆ ಒಂದು ಬಟ್ಟಲು ತಿಳಿಸಾರು ಬಸಿದುಕೊಂಡು, ರಾಗಿ ಅಂಬಲಿಯ ಕೆಳಗೆ ಮುಚ್ಚಿಟ್ಟು ತಂದೆ. ಸಿಕ್ಕಿಬೀಳುವುದು ಗೊತ್ತೇ ಇತ್ತು. ಮನೆಯೊಳಗೇ ಇಟ್ಟುಕೊಂಡರಾಯಿತು, ಯಾರಾದರೂ ಬಂದರೆ ಮುಖಕ್ಕೆ ಕಂಬಳಿ ಹೊದಿಸಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಅವರ ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡು ಬಟ್ಟಲು ಬಾಯಿಗೆ ಹಿಡಿದೆ. ಅವರು ವಾಸನೆ ಹಿಡಿದರು. ನಲವತ್ತು ವರ್ಷ ಮೂಳೆ ಒಡೆದವರಿಗೆ ತಿಳಿಯದೆ ಇರುತ್ತದೆಯೇ. ಮುಖ ಆಚೆ ತಿರುಗಿಸಿಕೊಂಡರು.

"ಕುಡೀರಿ."

"ಬ್ಯಾಡ ಕಣೇ."

"ಯಾರೂ ನೋಡಲ್ಲ. ನಾನು ನೋಡ್ಕೋತೀನಿ."

"ಏನು ನೋಡ್ಕೋತೀಯ? ಪಂಡಿತ್ರು ಬತ್ತಾರೆ, ಸೌದೆಯೋನು ಬತ್ತಾನೆ. ನನ್ನ ತುಟಿ ಹೊಳುದ್ರೆ ನಿನ್ನ ಕುತ್ತಿಗೇಲಿ ಮೂಳೆ ಬೀಳ್ತದೆ. ಸಂತೆಕಟ್ಟೆ ಮೇಲೆ ನಿನ್ನ ನೋಡ್ಕೊಂಡು ನಾನು ಬದುಕ್ಬೇಕಾ?"

"ಬದುಕಿದ್ರೆ ತಾನೆ ನೋಡೋದು."

"ಇಷ್ಟು ವರ್ಸ ಈ ಮನೇಲಿ ಒಬ್ರ ತುಟೀನೂ ಹೊಳೆದಿಲ್ಲ ನಿಂಗಾಜಿ," ಎಂದರು. "ನನ್ನಿಂದ ಆಗೋದು ಬ್ಯಾಡ." ಅಷ್ಟು ಮಾತಾಡಿದ್ದಕ್ಕೇ ಹಣೆ ಬೆವರಿತು. ನಾನು ಬಟ್ಟಲನ್ನು ತೆಗೆದುಕೊಂಡು ಹೋಗಿ ಹಿತ್ತಲಲ್ಲಿ ಚೆಲ್ಲಿದೆ. ಕಾಗೆಗಳು ಬಂದವು. ಕಾಗೆಗೆ ನೇಮವಿಲ್ಲ.

ಹಾಗೆ ಎಷ್ಟು ದಿನ ಕಳೆದವೋ. ಬೆಳಿಗ್ಗೆ ಎದ್ದು ಮೂಳೆ ನಾನೇ ಒಡೆಯುತ್ತಿದ್ದೆ, ಚೂರು ಹಾರಿ ಮುಖಕ್ಕೆ ಬಡಿಯುತ್ತಿತ್ತು. ನೀರು ನಾನೇ ಸೇದುತ್ತಿದ್ದೆ. ಜಗಲಿಯ ಮೇಲೆ ಗೌಡರು "ನಿಂಗಾಜಮ್ಮ, ಈಲಿ ಇನ್ನೊಂದು ತುಂಡು" ಎಂದರೆ ಹಾಕುತ್ತಿದ್ದೆ. ಒಳಗೆ ಹೋಗಿ ಗಂಡನ ಬಾಯಿಗೆ ಬೇಳೆಕಟ್ಟು ಹಾಕುತ್ತಿದ್ದೆ. ಅದು ಎರಡು ಗುಟುಕು ಹೋದರೆ ಮೂರನೆಯದು ಕಟವಾಯಿಯಲ್ಲಿ ಇಳಿಯುತ್ತಿತ್ತು. ನನಗೆ ಅಳು ಬರುತ್ತಿರಲಿಲ್ಲ. ಅಳುವುದಕ್ಕೂ ಮೈಯಲ್ಲಿ ಏನಾದರೂ ಇರಬೇಕಲ್ಲ. ಒಲೆಯ ಮುಂದೆ ಕೂತರೆ ಏಳುವುದು ಬೇಡ ಎನಿಸುತ್ತಿತ್ತು, ಎದ್ದರೆ ಕೂರುವುದು ಬೇಡ ಎನಿಸುತ್ತಿತ್ತು.

ಒಂದು ದಿನ ಬಡಿಸುತ್ತಿರುವಾಗ, ಸಾಲಿನ ನಡುವೆ, ಯಾಕೋ ನಿಂತೆ. ಸೌಟು ಕೈಯಲ್ಲಿತ್ತು. ಗೌಡರು ತಟ್ಟೆ ಮುಂದೆ ನೂಕಿದ್ದರು. ನಾನು ಸೌಟನ್ನು ಪಾತ್ರೆಯೊಳಗೆ ಬಿಡಲಿಲ್ಲ, ಗುರುಶಾಂತಪ್ಪನವರ ಮಣೆಯ ಮುಂದೆ, ನೆಲದ ಮೇಲೆ ಇಟ್ಟೆ.

"ಬುದ್ಧಿ, ಅಡುಗೆಯವಳ ಮನೇಗೆ ರೋಗ ಇಲ್ಲ ಅಂತ ತಾನೆ ಕಲ್ಲಿನ ಮೇಲಿರೋದು? ಇವತ್ತಿಂದ ನಾನು ಅಡುಗೆಯವಳಲ್ಲ."

ಚೀಪುತ್ತಿದ್ದವರೆಲ್ಲ ನಿಲ್ಲಿಸಿದರು. ಗುರುಶಾಂತಪ್ಪನವರು ಸೌಟು ನೋಡಿದರು, ನನ್ನ ಮುಖ ನೋಡಿದರು.

"ಯೋಚ್ನೆ ಮಾಡಿ ಹೇಳ್ತಿದ್ದೀಯಾ? ಸೌಟು ಬಿಟ್ರೆ ಮನೇನೂ ಬಿಡ್ಬೇಕು. ತಿರ್ಗಾ ನಿಮ್ಮ ಮನೆತನಕ್ಕೆ ಬರಲ್ಲ."

"ಮಾಡಿದೀನಿ ಬುದ್ಧಿ."

ಸುಳ್ಳು. ಯೋಚನೆ ಮಾಡಿರಲಿಲ್ಲ. ಯೋಚನೆ ಮಾಡಿದ್ದರೆ ನನ್ನ ಗಂಡನನ್ನು ಕೇಳಬೇಕಾಗಿತ್ತು, ಕೇಳಿದ್ದರೆ ಅವರು ಬೇಡ ಎನ್ನುತ್ತಿದ್ದರು. ನಡುಮನೆಗೆ ಹೋಗಿ ಅವರಿಗೆ ಹೇಳಿದೆ. ಕಂಬದ ಮೇಲೆ ಕಣ್ಣಿಟ್ಟುಕೊಂಡು ಮಲಗಿದ್ದರು. "ನಮ್ಮವ್ವ ಇದ್ದಿದ್ರೆ ನಿನ್ನ ಕೂದ್ಲು ಕಿತ್ತಾಕ್ತಿದ್ಲು" ಎಂದರು. ಆಮೇಲೆ ಕೈ ಚಾಚಿ ನನ್ನ ಮಣಿಕಟ್ಟು ಹಿಡಿದುಕೊಂಡರು. ಹಿಡಿದ ಕೈಯಲ್ಲಿ ಬಲವೇ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಗುರುಶಾಂತಪ್ಪನವರು ತಾವೇ ಬಂದು ನನ್ನ ಗಂಡನ ಕೈಗೆ ಹಳದಿ ದಾರ ಕಟ್ಟಿದರು. ಕಟ್ಟುವಾಗ ಪಂಡಿತರಿಗಿಂತ ಹೆಚ್ಚು ಹೊತ್ತು ನಾಡಿ ಹಿಡಿದಿದ್ದರು. ಆದರೆ ದಾರ ಕಟ್ಟಿ ಏನು ಬಂತು? ಒಲೆ ಹಚ್ಚುವವರಿಲ್ಲ. ತಮಟೆ ಹೊಡೆಸಿ ಸಾರಿದರು: ಸೌಟು ಹಿಡಿಯುವವರು ಬನ್ನಿ, ಸಾಲುಮನೆ ನಿಮ್ಮದು. ಯಾರೂ ಬರಲಿಲ್ಲ. ಸೌಟು ಹಿಡಿದರೆ ಮನೆಗೆ ರೋಗವಿಲ್ಲ. ಮುದುಕಿ ಅತ್ತೆ ಇರುವ ಮನೆಯವರು ಒಲ್ಲೆ ಎಂದರು, ಬಸುರಿ ಇರುವ ಮನೆಯವರು ಒಲ್ಲೆ ಎಂದರು, ಯಾರೂ ಹಾಸಿಗೆ ಹಿಡಿಯದ ಮನೆಯವರು "ನಾಳೆ ಏನಾಯ್ತದೋ ಯಾರಿಗೆ ಗೊತ್ತು" ಎಂದರು. ತಲೆಸುತ್ತಿನವರು ಕೈ ನಡುಕದವರು ಕೆಲವರು ಒಂದೆರಡು ದಿನ ಬಂದು ತಣ್ಣಗಿದ್ದ ಒಲೆ ನೋಡಿ ಹೋದರು, ಆಮೇಲೆ ಹೊಲ ಗದ್ದೆಯಲ್ಲಿ ಕಾಣಿಸಿಕೊಂಡರು. ಬಾವಿಕಟ್ಟೆಯಲ್ಲಿ ಹೆಂಗಸರು ನನ್ನನ್ನು ಕಂಡು ಮಾತು ನಿಲ್ಲಿಸುತ್ತಿದ್ದರು. "ತನ್ನ ಗಂಡನಿಗೋಸ್ಕರ ಊರಿನ ರೋಗಿಗಳ ಅನ್ನ ಕಿತ್ಲು" ಎಂದು ಒಬ್ಬಳು ಕೇಳಿಸುವ ಹಾಗೆಯೇ ಅಂದಳು. ನಾನು ಕೊಡ ತುಂಬಿಸಿಕೊಂಡು ಬಂದೆ. ಅವಳು ಹೇಳಿದ್ದು ಸುಳ್ಳಲ್ಲ, ಜೊತೆಗೆ ನನ್ನ ಗಂಡನಿಗೂ ಅನ್ನ ಸಿಕ್ಕಿರಲಿಲ್ಲ. ಊಟವಿಲ್ಲದ ಸಾಲಿನಲ್ಲಿ ಕೂರುವ ಹಕ್ಕು ಗಳಿಸಿಕೊಟ್ಟಿದ್ದೆ ಅಷ್ಟೆ.

ಆಗ ತೋಪಮ್ಮ ಬಂದಳು. ಬಳೆ ಕೇರಿಯಿಂದ ಸಾಲುಮನೆಗೆ ನಾಲ್ಕು ಕಡೆ ಕೂತು ಎದ್ದು ಬಂದಿದ್ದಳು. ಜಗಲಿಯ ಕಂಬ ಹಿಡಿದು ಉಸಿರು ತಹಬದಿಗೆ ಬರುವ ತನಕ ನಿಂತು, ಆಮೇಲೆ ಗುರುಶಾಂತಪ್ಪನವರಿಗೆ ಹೇಳಿದಳು, "ಆ ಸೌಟು ಇತ್ತಾಗೆ ಕೊಡಿ ಬುದ್ಧಿ."

"ನಿಂಗೆ ಹುಚ್ಚಾ ತೋಪಕ್ಕ?" ಎಂದೆ ನಾನು. "ನಿನ್ನ ದಾರ ಕಿತ್ತಾಕ್ತಾರೆ."

"ಕೀಳ್ಲಿ. ಒಬ್ಳೇ ಇರೋಳ ಮನೇಗೆ ರೋಗ ಬರ್ದಿದ್ರೆ ಯಾರಿಗೆ ನಷ್ಟ?"

"ನಿಂಗೆ."

"ನಂಗೆ ಸಾಕಾಗೋಯ್ತು ಕಣವ್ವ. ಆ ಸಾಲಿನ ಕೊನೇಲಿ ಕೂತು ಗೌಡ ಬೆರಳು ನೆಕ್ಕೋ ಸದ್ದು ಕೇಳಿ ಕೇಳಿ ಸಾಕಾಗೋಯ್ತು. ಒಲೆ ಮುಂದೆ ಕೂತ್ಕೊಂಡು ಮಾಡೋ ಕೆಲ್ಸ ತಾನೆ, ಬಳೆ ಬುಟ್ಟಿ ಹೊತ್ಕೊಂಡು ಕೇರಿ ಕೇರಿ ಸುತ್ತೋದಕ್ಕಿಂತ ವಾಸಿ. ನಿನ್ನ ಗಂಡ ಬಿದ್ದವ್ನೆ. ನಾನಿನ್ನೂ ನಿಂತಿವ್ನಿ."

ನಾನು ಬೇಡ ಎಂದೆ. ಇನ್ನೊಂದು ಸಲವೂ ಬೇಡ ಎಂದೆ. ಮೂರನೆಯ ಸಲ ಬಾಯಿ ತೆರೆದೆ, ಆದರೆ ಒಳಗೆ ನಡುಮನೆಯಲ್ಲಿ ನನ್ನ ಗಂಡ ಕೆಮ್ಮಿದರು, ನನ್ನ ಬಾಯಿ ಮುಚ್ಚಿಕೊಂಡಿತು. ಗುರುಶಾಂತಪ್ಪನವರು ಅವಳ ಕೈಯ ದಾರ ಬಿಚ್ಚಿದರು. ಗಂಟು ಬಿಗಿದಿತ್ತು, ಬಿಚ್ಚುವುದಕ್ಕೆ ಬಹಳ ಹೊತ್ತು ಹಿಡಿಯಿತು.

ಹಾಗೆ ನಾವು ಮನೆ ಬದಲಾಯಿಸಿಕೊಂಡೆವು. ತೋಪಮ್ಮ ಸಾಲುಮನೆಗೆ ಬಂದಳು, ನಾವು ಬಳೆ ಕೇರಿಯ ಅವಳ ಕೋಣೆಗೆ ಹೋದೆವು. ನನ್ನ ಗಂಡನನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿ ಕರೆದುಕೊಂಡು ಹೋಗುವಾಗ ಅವರು ಮನೆಯ ಕಡೆ ತಿರುಗಿ ನೋಡಲಿಲ್ಲ. ಮೊದಲ ದಿನ ಸಾಲಿಗೆ ಅವರನ್ನು ನಾನೇ ತೋಳು ಹಿಡಿದು ಕರೆತಂದೆ. ತಾವೇ ಗುಡಿಸುತ್ತಿದ್ದ ಜಗಲಿಯ ಮೇಲೆ, ಕೈಯಲ್ಲಿ ದಾರ ಕಟ್ಟಿಕೊಂಡು, ಕಾಲು ಮಡಿಚಿ ಕೂತರು. ತಟ್ಟೆ ಮುಂದೆ ಬಂದರೂ ಕೈ ಹಾಕಲಿಲ್ಲ. ತಲೆ ತಗ್ಗಿಸಿಕೊಂಡೇ ಇದ್ದರು. ತೋಪಮ್ಮ ಸೌಟು ಹಿಡಿದು ಎದುರಿಗೆ ನಿಂತಳು.

"ಯಾಕಪ್ಪ ದ್ಯಾವಣ್ಣ, ನಾ ಮಾಡಿದ್ದು ನಿನ್ನ ಹೆಂಡ್ತಿ ಮಾಡ್ದಂಗಿಲ್ವಾ?"

"ಹಂಗಲ್ಲ ತೋಪಕ್ಕ."

"ಹಂಗಲ್ದಿದ್ರೆ ತಿನ್ನು. ನನ್ನ ಕಾಲು ನೋಯ್ತದೆ, ನೀನು ತಿನ್ನೋಗಂಟ ಇಲ್ಲೇ ನಿಂತಿರ್ತೀನಿ."

ಅವರು ತಿಂದರು. ಕಣ್ಣಲ್ಲಿ ನೀರು ಬಂತು, ತೋಪಮ್ಮ ಖಾರ ಬಹಳ ಹಾಕುತ್ತಿದ್ದಳು, ಅದರಿಂದಲೂ ಇರಬಹುದು. ತಟ್ಟೆ ಖಾಲಿಯಾಗುವಷ್ಟರಲ್ಲಿ ತುಟಿ ಹೊಳೆಯತೊಡಗಿತು. ಮದುವೆಯಾದಾಗಿನಿಂದ ಪ್ರತಿ ನೇಮದಲ್ಲೂ ಒಣಗಿದ್ದ ತುಟಿ. ದಾರಿಯುದ್ದಕ್ಕೂ ಅವರು ಟವೆಲಿನಿಂದ ಬಾಯಿ ಮುಚ್ಚಿಕೊಂಡೇ ನಡೆದರು. ನಾನು ತೆಗೆಯಿರಿ ಎನ್ನಲಿಲ್ಲ. ನಾಲ್ಕೈದು ದಿನಕ್ಕೆ ತಾವಾಗಿಯೇ ತೆಗೆದರು. ಹತ್ತು ದಿನ ಕಳೆಯುವಷ್ಟರಲ್ಲಿ ಉಗುರಿಗೆ ಬಣ್ಣ ಬಂತು. ಒಂದು ಬೆಳಿಗ್ಗೆ ನಾನು ಏಳುವ ಮೊದಲೇ ಎದ್ದು ಬಾಗಿಲಲ್ಲಿ ಕೂತು ಹಲ್ಲುಜ್ಜುತ್ತಿದ್ದರು.

ನಾನು ಬಳೆ ಬುಟ್ಟಿ ಹೊತ್ತೆ. ತೋಪಮ್ಮನ ಗಿರಾಕಿಗಳನ್ನು ಬಿಡುವುದು ಬೇಡವೆಂದು ಅವಳೇ ಹೇಳಿದ್ದಳು. ಮೊದಮೊದಲು ತೊಡಿಸುವಾಗ ಒಡೆಯುತ್ತಿದ್ದೆ. ಮೂಳೆ ಒಡೆದು ಬಂದ ಕೈಗೆ ಗಾಜು ಒಗ್ಗುವುದು ತಡ. ಊರು ಸುತ್ತಿ ಸಂಜೆ ಸಾಲುಮನೆಗೆ ಹೋಗಿ, ಮೆಣಸಿನಕಾಯಿ ಬಿಡಿಸಿ, ಮಸಾಲೆ ಅರೆದು, ಮಾರನೆಯ ದಿನದ ನೀರು ತುಂಬಿಟ್ಟು ಬರುತ್ತಿದ್ದೆ. ಸೌಟೊಂದನ್ನು ಮುಟ್ಟುವ ಹಾಗಿರಲಿಲ್ಲ. ತೋಪಮ್ಮನ ಊತ ಪಾದದಿಂದ ಮೊಣಕಾಲಿಗೆ ಏರಿತ್ತು. ಒಲೆಯ ಮುಂದೆ ಕಾಲು ಚಾಚಿ, ಬೆನ್ನಿಗೆ ಮೂಟೆ ಇಟ್ಟುಕೊಂಡು ಕೂತು ಬೇಯಿಸುತ್ತಿದ್ದಳು. ನೇಮದ ಮೊದಲಲ್ಲಿ ಸಾಲಿನಲ್ಲಿ ತಿಂದಿದ್ದಳಲ್ಲ, ಅವಳ ತುಟಿ ಇನ್ನೂ ಹೊಳೆಯುತ್ತಲೇ ಇತ್ತು. ಗೌಡರು ಒಂದು ದಿನ "ಅಡುಗೆಯವಳು ಕದ್ದು ತಿಂತಾವ್ಳೆ, ತುಟಿ ನೋಡಿ" ಎಂದು ಆಡಿದರು. "ಅದು ಹಳೇ ಹೊಳಪು. ನಂಗೆ ಗೊತ್ತು, ಸುಮ್ನೆ ತಿನ್ನಿ" ಎಂದರು ಗುರುಶಾಂತಪ್ಪನವರು. ಅವರು ಯಾರಿಗೂ ಹಾಗೆ ಗದರಿದ್ದನ್ನು ನಾನು ಕೇಳಿರಲಿಲ್ಲ.

"ತೋಪಕ್ಕ, ಸೌಟು ಕೊಟ್ಬಿಡು," ಎಂದೆ ಒಂದು ಸಂಜೆ. "ಅವರು ಎದ್ದವ್ರೆ. ನಾನು ಹಿಡ್ಕೋತೀನಿ. ನೀನು ಸಾಲಿಗೆ ಬಾ."

"ನಿನ್ನ ಮನೆತನಕ್ಕೆ ತಿರ್ಗಾ ಬರಲ್ಲ ಅಂತ ಪಾರುಪತ್ಯದೋರು ಹೇಳ್ಲಿಲ್ವಾ? ಬಂದ್ರೂ ನಿನ್ನ ಗಂಡನ ದಾರ ಕೀಳ್ತಾರೆ. ಎದ್ದು ಎಷ್ಟು ದಿನ ಆಯ್ತು? ಮೆಟ್ಲು ಹತ್ತಿದ್ನಾ?"

ಹತ್ತಿರಲಿಲ್ಲ. ನಾನು ಮಸಾಲೆ ಅರೆದೆ. ಅವಳು ಒಲೆಗೆ ಸೌದೆ ತಳ್ಳಿದಳು.

ನೇಮ ಮುಗಿಯುವುದಕ್ಕೆ ಇನ್ನೊಂದಿಷ್ಟು ದಿನ ಉಳಿದಿತ್ತು. ಬೆಳಿಗ್ಗೆ ಬಾಡು ತಂದ ಆಳು ಓಡಿಬಂದು ನನ್ನನ್ನು ಕರೆದ. ಹೋಗಿ ನೋಡಿದರೆ ತೋಪಮ್ಮ ಮೂಟೆಗೆ ಒರಗಿದ ಹಾಗೇ ಇದ್ದಳು, ಒಲೆಯಲ್ಲಿ ಬೂದಿ ಮುಚ್ಚಿದ ಕೆಂಡ ಇನ್ನೂ ಆರಿರಲಿಲ್ಲ. ಕೈ ಮುಟ್ಟಿದೆ, ತಣ್ಣಗಿತ್ತು. ಗುರುಶಾಂತಪ್ಪನವರು ಬಂದರು. ಬಾಗಿಲಲ್ಲೇ ನಿಂತರು. ಪಂಡಿತರು "ಊತ ಎದೆಗೆ ಏರ್ಬಿಟ್ಟದೆ. ಹಳೇ ಕಾಯಿಲೆ" ಎಂದರು.

"ಹಂಗನ್ಬೇಡಿ," ಎಂದರು ಗುರುಶಾಂತಪ್ಪನವರು. "ಅಡುಗೆಯವಳ ಮನೇಗೆ ರೋಗ ಬರಲ್ಲ. ಸಾವು ಬಂದದೆ, ಅಷ್ಟೇ." ಹೇಳಿ ಗೋಡೆಯ ಕಡೆ ತಿರುಗಿಕೊಂಡು ನಿಂತುಬಿಟ್ಟರು.

ಅಷ್ಟರಲ್ಲಿ ಹೊರಗೆ ಸಾಲು ಕೂತಿತ್ತು. ಸುದ್ದಿ ತಿಳಿಯದೆ ಬಂದವರು ಕೆಲವರು, ತಿಳಿದೂ ಬಂದವರು ಕೆಲವರು. ನನ್ನ ಗಂಡ ಹೊರಗೆ ಹೋಗಿ ಜಗಲಿಯ ನಡುವೆ ನಿಂತು, "ಇವತ್ತು ಒಲೆ ಹಚ್ಚಲ್ಲ. ಎದ್ದೇಳಿ. ಅವ್ಳಿಗೆ ನಂಟ್ರು ಯಾರೂ ಇಲ್ಲ, ಅವಳ ಕೈಲಿ ಉಂಡೋರೇ ನಂಟ್ರು. ಹೆಗಲು ಕೊಡಿ," ಎಂದರು. ಅವರು ಅಷ್ಟು ಗಟ್ಟಿಯಾಗಿ ಮಾತಾಡಿ ಬಹಳ ಕಾಲವಾಗಿತ್ತು. ಬಿದಿರು ಬಂತು, ಚಟ್ಟ ಕಟ್ಟಿದರು. ನಮ್ಮೂರ ಮಸಣ ಬೆಟ್ಟದ ಬುಡದಲ್ಲಿದೆ, ಏರುದಾರಿ. ತಲೆಸುತ್ತಿನವರು, ಕೈ ನಡುಕದವರು ಹೆಗಲು ಕೊಟ್ಟರು. ಮುಂದಿನ ಬಲಗಡೆಯ ಬಿದಿರಿಗೆ ಪುಟ್ಟೀರೇಗೌಡರು ಹೆಗಲು ಕೊಟ್ಟರು. ಅವರು ಯಾಕೆ ಮುಂದೆ ಬಂದರೋ ನನಗೆ ಗೊತ್ತಿಲ್ಲ. ಕದ್ದು ತಿನ್ನುತ್ತಾಳೆ ಎಂದು ಆಡಿದ ಮಾತು ಚುಚ್ಚುತ್ತಿತ್ತೋ ಏನೋ. ಊದಿದ ಮೈ, ಭಾರ ಬಹಳವಿತ್ತು. ಗೌಡರು ದಾರಿಯುದ್ದಕ್ಕೂ ಹೆಗಲು ಬದಲಾಯಿಸಲಿಲ್ಲ. ಬಿಸಿಲಿನಲ್ಲಿ ಹೊತ್ತವರ ತುಟಿಗಳೆಲ್ಲ ಹೊಳೆಯುತ್ತಿದ್ದವು, ಮೇಲೆ ಮಲಗಿದ್ದವಳ ತುಟಿಯೂ ಹೊಳೆಯುತ್ತಿತ್ತು.

ಮಣ್ಣು ಮಾಡಿ ಎಲ್ಲರೂ ಕೆರೆಯಲ್ಲಿ ಮುಳುಗಿ ಬಂದು ಸಾಲುಮನೆಯ ಮುಂದೆ ನಿಂತಾಗ ಗುರುಶಾಂತಪ್ಪನವರು ಸೌಟು ಹಿಡಿದುಕೊಂಡು ಹೊರಗೆ ಬಂದರು.

"ನಾಳೆ ಒಲೆ ಹಚ್ಚೋರು ಯಾರು?"

ಎಲ್ಲರೂ ನನ್ನನ್ನು ನೋಡಿದರು. ಬೈದವರೂ ನೋಡಿದರು. ನನ್ನ ಸೀರೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ನಿಲ್ಲುವುದಕ್ಕೆ ಆಗುತ್ತಿರಲಿಲ್ಲ, ಮಾತು ಬೆಳೆಸುವ ಮನಸ್ಸೂ ಇರಲಿಲ್ಲ.

"ಗೌಡ್ರು ಹಚ್ಲಿ ಬುದ್ಧಿ," ಎಂದೆ. "ಅವರ ಮನೇಲಿ ರೋಗ ಇಲ್ಲ. ಮಸಣದ ತನಕ ಹೊತ್ತಿದ್ದನ್ನ ಊರೇ ನೋಡ್ತಲ್ಲ."

ಯಾರೋ ನಕ್ಕ ಹಾಗಾಯಿತು, ತಕ್ಷಣ ನಿಂತಿತು. ಗೌಡರ ಕೈ ಸೊಂಟದ ಹತ್ತಿರ ಹೋಗಿ ಅರ್ಧದಲ್ಲಿ ತಡೆಯಿತು. ಗುರುಶಾಂತಪ್ಪನವರು ಸೌಟನ್ನು ಅವರ ಮುಂದೆ ಚಾಚಿದರು, ಹಾಗೇ ಹಿಡಿದುಕೊಂಡು ನಿಂತರು. ಸುತ್ತ ನಿಂತಿದ್ದವರು ಅಲ್ಲಾಡಲಿಲ್ಲ. ಕೊನೆಗೆ ಗೌಡರು ತೆಗೆದುಕೊಂಡರು. ತಾವೇ ಕೈಯ ದಾರ ಕಿತ್ತು ಜಗಲಿಯ ಮೇಲಿಟ್ಟರು.

ಉಳಿದ ದಿನಗಳಲ್ಲಿ ಸಾಲುಮನೆಯ ಒಲೆ ಊದಿದವಳು ಗೌಡಿತಿ. ಪಾಪ, ಅವಳಿಗೆ ಹೊಗೆಯ ಅಭ್ಯಾಸವಿರಲಿಲ್ಲ. ಗೌಡರು ಪಕ್ಕದಲ್ಲಿ ಕೂತು ಈರುಳ್ಳಿ ಹೆಚ್ಚಿಕೊಡುತ್ತಿದ್ದರು. ಸಾರು ಒಂದು ದಿನ ಕಹಿ, ಒಂದು ದಿನ ಸೀದ ವಾಸನೆ. ಸಾಲು ಗಿಡ್ಡವಾಗಿತ್ತು, ನಿಜವಾಗಿ ಆಗದವರು ಮಾತ್ರ ಬರುತ್ತಿದ್ದರು. ಅವರಲ್ಲಿ ನನ್ನ ಗಂಡನೂ ಒಬ್ಬರು. ಉಪ್ಪು ಹೆಚ್ಚೆಂದು ಯಾರೂ ಹೇಳುತ್ತಿರಲಿಲ್ಲ. ಗೌಡಿತಿ ಒಂದು ಸಲ ಬಳೆ ತೊಡಿಸಿಕೊಳ್ಳುವಾಗ ನನ್ನನ್ನು ಮೆಲ್ಲಗೆ ಕೇಳಿದಳು, "ನಿಂಗಾಜಕ್ಕ, ರುಚಿ ನೋಡ್ದೆ ಹೆಂಗ್ ಮಾಡ್ತಿದ್ಯವ್ವ?" ಕುದಿಯುವ ಸದ್ದು ಹೇಗೆ ಬದಲಾಗುತ್ತದೆ, ಆವಿ ಮೂಗಿಗೆ ಹೇಗೆ ಹತ್ತುತ್ತದೆ, ನಮ್ಮತ್ತೆ ಹೇಳಿದ್ದನ್ನೆಲ್ಲ ಅವಳಿಗೆ ಹೇಳಿಕೊಟ್ಟೆ. ಬೇಡ ಎನ್ನುವುದಕ್ಕೆ ಕಾರಣವಿರಲಿಲ್ಲ.

ಬೆಟ್ಟದ ಮೇಲೆ ಗಂಟೆ ಬಾರಿಸಿದ ದಿನ ನಾನು ಬುಟ್ಟಿ ಇಳಿಸಿ ಬಾಗಿಲಲ್ಲಿ ಕೂತಿದ್ದೆ. ನನ್ನ ಗಂಡನ ತುಟಿ ನನ್ನೆದುರಿಗೇ ಆರಿತು. ಮಣ್ಣಿನೊಳಗೆ ತೋಪಮ್ಮನದೂ ಆ ಹೊತ್ತಿಗೆ ಆರಿರಬೇಕು. ಮಧ್ಯಾಹ್ನದೊಳಗೆ ಬೀದಿಬೀದಿಯಲ್ಲಿ ಕುರಿ ಬಿದ್ದವು, ಮನೆಮನೆಯಲ್ಲಿ ಮಸಾಲೆ ಅರೆಯುವ ಸದ್ದು, ಊರೆಲ್ಲ ಘಮ. ನನ್ನ ಗಂಡ ಸಂತೆಯಿಂದ ಒಂದು ತೊಡೆ ತಂದು, ತಾವೇ ತುಂಡು ಮಾಡಿ, ತಾವೇ ಬೇಯಿಸಿದರು. ನನ್ನನ್ನು ಒಲೆಯ ಹತ್ತಿರ ಬಿಡಲಿಲ್ಲ. ತಟ್ಟೆಗೆ ಹಾಕಿ ತಂದು ಮುಂದಿಟ್ಟರು.

"ತಿನ್ನು. ಮೂರು ತಿಂಗ್ಳಾಯ್ತು."

ಬಿಸಿ ಮುಖಕ್ಕೆ ಬಡಿಯಿತು. ಚೆನ್ನಾಗಿಯೇ ಮಾಡಿದ್ದರು, ವಾಸನೆಯಲ್ಲೇ ತಿಳಿಯುತ್ತಿತ್ತು. ಒಂದು ತುಂಡು ಕೈಗೆ ತೆಗೆದುಕೊಂಡೆ. ಬಾಯಿಯ ತನಕ ತಂದು, ತಿರುಗಿ ತಟ್ಟೆಗೆ ಇಟ್ಟೆ.

"ನಾಳೆ ತಿಂತೀನಿ," ಎಂದೆ. "ಮುಚ್ಚಿಡಿ."

"ಯಾಕೆ? ಮೈ ಸರಿಯಿಲ್ವಾ?"

ಅವರು ನನ್ನ ಹಣೆ ಮುಟ್ಟಿ ನೋಡಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು, ಉಗುರು ನೋಡಿದರು. ಪಂಡಿತರನ್ನು ಕರೆಯಲಾ ಎಂದು ಕೇಳಿದರು. ನಮ್ಮ ಮನೆಯಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಸೌಟು ಹಿಡಿದವಳನ್ನು ಕೇಳುವ ಹಾಗೂ ಇರಲಿಲ್ಲ. ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಅವರು ಕಂಬಳಿ ತಂದು ಹೊದಿಸಿ, ತಲೆದೆಸೆಯಲ್ಲಿ ಕೂತರು. ಹೊರಗೆ ಊರು ಇನ್ನೂ ಊಟ ಮಾಡುತ್ತಿತ್ತು.